ಕೈಬದಲಿನ ಹುಡುಗಿ

೩ ಫೆಬ್ರವರಿ

ಮಾವ,

ಕಳೆದ ಸಲ ಫೋನಿನಲ್ಲಿ ನಾನು ಕೇಳಿದ್ದೊಂದು, ನೀನು ಹೇಳಿದ್ದೊಂದು. ನೀನು ಕಿರುಚಿದ್ದರಿಂದ ಚಹಾದಂಗಡಿಯವರಿಗೆಲ್ಲ ನಮ್ಮ ಮನೆಯ ಸುದ್ದಿ ಗೊತ್ತಾದದ್ದಷ್ಟೇ ಲಾಭ. ಅದಕ್ಕೇ ಈ ಪತ್ರ.

ನಮ್ಮ ಶಿಕ್ಷಣ ಕಚೇರಿಯವರು ಜಿಲ್ಲೆಯ ಶಾಲೆಗಳ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದಾರೆ. ದಾಖಲೆ ಕೋಣೆಯಲ್ಲಿ ಕೂತವಳು ನಾನೊಬ್ಬಳೇ ಆದ್ದರಿಂದ ಬರೆಯುವ ಕೆಲಸ ನನ್ನ ತಲೆಗೇ ಬಂದಿದೆ. ನಿಮ್ಮೂರಿನ ಶಾಲೆಗೆ ಒಂದು ಇಡೀ ಅಧ್ಯಾಯ. ಕಾರಣ ನಿನಗೆ ಗೊತ್ತೇ ಇದೆ: ಬೆಟ್ಟದ ಮೇಲಿನಿಂದ ವಿದ್ಯಾರ್ಥಿವೇತನ ಪಡೆದು ಪಟ್ಟಣದ ವಸತಿ ಶಾಲೆಗೆ ಇಳಿದು ಬಂದ ಮೊದಲ ಹುಡುಗಿ ನನ್ನ ಅಮ್ಮ. ಮೇ ಹದಿನೈದಕ್ಕೆ ಪುಸ್ತಕ ಬಿಡುಗಡೆ. ಅದೇ ದಿನ ಹೆಣ್ಣುಮಕ್ಕಳ ಹೊಸ ಹಾಸ್ಟೆಲಿಗೆ ಅಮ್ಮನ ಹೆಸರಿಡುತ್ತಾರೆ.

ಅಮ್ಮ ಮಾತ್ರ ಬಾಯಿ ಬಿಡುವುದಿಲ್ಲ. ಕೇಳಿದರೆ, "ಕಥೆ ಹೇಳೋದು ನಿನ್ನ ಮಾವನ ಕೆಲಸ, ಅವನನ್ನೇ ಕೇಳು" ಎಂದು ಮಂಚದ ಹೊದಿಕೆ ಮಡಚತೊಡಗುತ್ತಾಳೆ. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚುತ್ತಾಳೆ. ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದವಳಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಎಷ್ಟು ಸಂಕೋಚ ನೋಡು.

ಇನ್ಸ್‌ಪೆಕ್ಟರ್ ಶಾಲೆ ನೋಡಲು ಬಂದು ಅಮ್ಮನನ್ನು ಆರಿಸಿದ ದಿನ ಏನೇನಾಯಿತು, ಬಿಡದೆ ಬರೆ. ಏಪ್ರಿಲ್ ಕೊನೆಗೆ ಅಚ್ಚಿಗೆ ಕೊಡಬೇಕು.

ನಿನ್ನ
ಚೂಟಿ


೧೧ ಫೆಬ್ರವರಿ

ಚೂಟಿ,

ಕಡೆಗೂ ಸರ್ಕಾರಕ್ಕೆ ಬುದ್ಧಿ ಬಂತಲ್ಲ! ಈ ಜಿಲ್ಲೆಯ ವಿದ್ಯಾಭ್ಯಾಸದ ಚರಿತ್ರೆ ಬರೆಯುವವರು ಮೊದಲು ನನ್ನ ಮನೆ ಬಾಗಿಲು ತಟ್ಟಬೇಕಾಗಿತ್ತು. ಇರಲಿ, ತಡವಾದರೂ ತಟ್ಟಿದಿರಿ. ಪೆನ್ನಿಗೆ ಹೊಸ ಕಡ್ಡಿ ಹಾಕಿಸಿಕೊಂಡು ಕೂತಿದ್ದೇನೆ.

ಮೊದಲು ಕರಿಹಲಗೆಯ ವಿಷಯ ಬರೆದುಕೋ. ಆಗ ನನಗೆ ಇಪ್ಪತ್ತು. ಬೆಟ್ಟದ ಬುಡದ ಅಂಚೆಯಿಂದ ನಮ್ಮೂರಿಗೆ ಟಪಾಲು, ಉಪ್ಪು, ಸೀಮೆಎಣ್ಣೆ ತರುವ ಹೇಸರಗತ್ತೆ ನನ್ನದು. ಹೆಸರು ಪಟ್ಟದರಾಣಿ. ಹಲಗೆಯನ್ನು ಅವಳ ಬೆನ್ನಿಗೆ ಅಡ್ಡ ಕಟ್ಟಿದರೆ ಬಂಡೆಗೆ ತಾಗುತ್ತದೆ, ಉದ್ದ ಕಟ್ಟಿದರೆ ಗಾಳಿ ಹಿಡಿದು ಕತ್ತೆಯನ್ನೇ ಕಮರಿಗೆ ಎಳೆಯುತ್ತದೆ. ಕೊನೆಗೆ ನಾನೇ ಬೆನ್ನಿಗೆ ಕಟ್ಟಿಕೊಂಡು ಹತ್ತಿದೆ. ಮೇಲಿನಿಂದ ನೋಡಿದವರಿಗೆ ಒಂದು ಬಾಗಿಲು ತಾನೇ ನಡೆದುಕೊಂಡು ಬರುತ್ತಿರುವ ಹಾಗೆ ಕಂಡಿತಂತೆ. ಒಬ್ಬ ಮುದುಕಿ ಕೈ ಮುಗಿದಳಂತೆ. ಇದನ್ನು ಬಿಡಬೇಡ.

ಇನ್ನು ಕೈಬದಲಿನ ವಿಷಯ. ಇದನ್ನು ಪುಸ್ತಕದಲ್ಲಿ ಹಾಕುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು, ಆದರೆ ನಕ್ಕು ಸಾಯುತ್ತೀ. ಇಪ್ಪತ್ತೈದು ಮಕ್ಕಳಿಗಿಂತ ಕಡಿಮೆ ಇದ್ದರೆ ಶಾಲೆ ಮುಚ್ಚುವುದು ಸರ್ಕಾರದ ನಿಯಮ. ನಮ್ಮಲ್ಲಿದ್ದದ್ದು ಹದಿನಾರು. ದಿಣ್ಣೆಯ ಆಚೆ ಎರಡು ಗಂಟೆ ನಡೆದರೆ ಇನ್ನೊಂದು ಊರು. ಅದು ಬೇರೆ ದೇಶ. ಹೇಳಿಕೊಳ್ಳಲು ಬೇರೆ ದೇಶ, ಆದರೆ ಅದೇ ಮಾತು, ಅದೇ ಕೆಮ್ಮು, ಅದೇ ಆಲೂಗಡ್ಡೆ. ಅವರ ಶಾಲೆಯದ್ದೂ ಇದೇ ಗೋಳು. ನೆರೆಮನೆಯಿಂದ ಏಣಿ, ಜರಡಿ ಕೈಬದಲು ತರುವುದಿಲ್ಲವೇ, ಕೆಲಸ ಮುಗಿದ ಮೇಲೆ ತಿರುಗಿ ಕೊಡುವುದಿಲ್ಲವೇ, ಹಾಗೆಯೇ ನಾವು ಮಕ್ಕಳನ್ನು ತರುತ್ತಿದ್ದೆವು. ನಮ್ಮಲ್ಲಿ ತಪಾಸಣೆ ಇದ್ದ ದಿನ ಅವರ ಮಕ್ಕಳು ಇಲ್ಲಿ, ಅವರಲ್ಲಿ ಇದ್ದ ದಿನ ನಮ್ಮವರು ಅಲ್ಲಿ. ಬೆಳಗಾಗುವ ಮುಂಚೆ ಹೋಗಿ ಕರೆದುಕೊಂಡು ಬರುವುದು ನನ್ನ ಕೆಲಸ. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಮೊದಲೇ ಒಂಬತ್ತು ಸುಳ್ಳು ಹೆಸರು ಬರೆದಿಟ್ಟಿರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಹಂಚುತ್ತಿದ್ದರು.

ಒಂದು ವರ್ಷ ನಮ್ಮ ಬಡಗಿಯ ಮಗ ಆ ಕಡೆಯ ಶಾಲೆಯಲ್ಲಿ ಕಲಿತ ದೇಶಗೀತೆಯನ್ನು ನಮ್ಮ ಇನ್ಸ್‌ಪೆಕ್ಟರ್ ಮುಂದೆ ಹಾಡತೊಡಗಿದ. ಮೇಷ್ಟ್ರ ಮುಖ ಸುಣ್ಣ! ನಾನು ಕಿಟಕಿಯ ಹೊರಗೆ ಪಟ್ಟದರಾಣಿಯ ಬಾಲ ತಿರುಚಿದೆ. ಅವಳು ಹಾಡಿದ ಹಾಡಿಗೆ ಎರಡೂ ದೇಶಗಳ ಗೀತೆ ಮುಳುಗಿಹೋಯಿತು. ಶಾಲೆ ಉಳಿಯಿತು. ಯಾರಿಂದ? ನೀನೇ ಹೇಳು.

ಈಗ ನಿನ್ನಮ್ಮನ ಆ ದಿನ. ಸಾಹೇಬರನ್ನು ಕತ್ತೆಯ ಮೇಲೆ ಕೂರಿಸಿಕೊಂಡು ತಂದವನು ನಾನೇ. ನನ್ನ ತಂಗಿ ಮೊದಲ ಸಾಲಿನಲ್ಲಿ ಎರಡು ಜಡೆ ಹಾಕಿಕೊಂಡು ಸಿಂಹಿಣಿಯಂತೆ ಕೂತಿದ್ದಳು. ಕೇಳಿದ ಲೆಕ್ಕಕ್ಕೆಲ್ಲ ಬಾಯಲ್ಲೇ ಉತ್ತರ. ಕೊನೆಗೆ ಸಾಹೇಬರು, "ನಮ್ಮ ದೇಶದ ಗಡಿ ಎಲ್ಲಿದೆ ಮಗು?" ಎಂದರು. ನಿನ್ನಮ್ಮ ಎದೆ ಮುಟ್ಟಿಕೊಂಡು, "ನಮ್ಮ ಎದೆಯಲ್ಲಿದೆ ಸಾರ್!" ಎಂದಳು. ಸಾಹೇಬರ ಕಣ್ಣಲ್ಲಿ ನೀರು. ನಾನಂತೂ ಬಾಗಿಲ ಹಿಂದೆ ಅತ್ತೇಬಿಟ್ಟೆ. ಇದನ್ನು ಅಧ್ಯಾಯದ ಮೊದಲಿಗೇ ಹಾಕು. ಪಕ್ಕದಲ್ಲಿ ನನ್ನದೊಂದು ಫೋಟೋ ಇದ್ದರೆ ಪುಟಕ್ಕೆ ಕಳೆ ಬರುತ್ತದೆ.

ಜಿಲ್ಲೆಯ ವಿದ್ಯಾಪಿತಾಮಹ, ಏಳನೇ ಕ್ಲಾಸು ಪಾಸು,
ನಿನ್ನ ಮಾವ


೨೦ ಫೆಬ್ರವರಿ

ಮಾವ,

ನಿನ್ನ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಗುಮಾಸ್ತರು ಮೇಜು ಹಿಡಿದುಕೊಂಡು ನಕ್ಕರು.

ಒಂದು ಖುಷಿಯ ಸುದ್ದಿ. ಆ ಇನ್ಸ್‌ಪೆಕ್ಟರ್ ಸಾಹೇಬರ ಪ್ರವಾಸದ ದಿನಚರಿ ಸಿಕ್ಕಿದೆ. ಹಳೆಯ ಬೀರುವಿನ ತಳದಲ್ಲಿ, ಇಲಿ ತಿಂದು ಬಿಟ್ಟ ನಕ್ಷೆಗಳ ಕೆಳಗಿತ್ತು. ಆ ದಿನದ ಪುಟವನ್ನು ಇದ್ದ ಹಾಗೇ ಬರೆಯುತ್ತೇನೆ:

"ಹಾಜರಿ ಇಪ್ಪತ್ತೈದು. ಒಬ್ಬ ಬಾಲಕಿ ಗಮನ ಸೆಳೆದಳು. ಎಡಗೈಯಿಂದ ಬರೆಯುತ್ತಾಳೆ, ಆ ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆ. ಮನೆ ಶಾಲೆಯ ಹಿಂದೆಯೇ ಎಂದರು. ಆದರೆ ಬೂಟು ಹಿಮದಲ್ಲಿ ಬಹುದೂರ ನಡೆದವರಂತೆ ತೊಯ್ದಿತ್ತು. ದೇಶದ ಗಡಿ ಎಲ್ಲಿದೆ ಎಂದು ಕೇಳಿದೆ. 'ಬೆಳಿಗ್ಗೆ ಅದನ್ನು ದಾಟಿಕೊಂಡೇ ಬಂದೆ ಸಾರ್, ನನಗೆ ಕಾಣಿಸಲಿಲ್ಲ' ಎಂದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಇಷ್ಟು ಚುರುಕಾದ ತಮಾಷೆ ಕೇಳಿಲ್ಲ. ವಸತಿ ಶಾಲೆಗೆ ಶಿಫಾರಸು ಮಾಡಿದ್ದೇನೆ."

ಕೆಳಗೆ ಅಮ್ಮನ ಹೆಸರಿದೆ.

ಮಾವ, ಅಮ್ಮ ಬಲಗೈಯವಳು. ಅವಳ ಮಣಿಕಟ್ಟಿನಲ್ಲಿ ಕಲೆ ಇಲ್ಲ. ನಿನ್ನೆ ಬಳೆ ಸರಿಸಿ ನೋಡಿದೆ, ಏನೋ ಹುಡುಕುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಗದ ಹಾಗೆ. ಎದೆ ಮುಟ್ಟಿಕೊಂಡ ಉತ್ತರವೂ ಇಲ್ಲಿಲ್ಲ. ಸ್ವಲ್ಪ ಬಿಡಿಸಿ ಹೇಳು.

ಚೂಟಿ


೨ ಮಾರ್ಚ್

ಚೂಟಿ,

ಇಷ್ಟು ಸಣ್ಣದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆಯೇ? ಆ ಸಾಹೇಬರ ಕನ್ನಡಕ ದಾರಿಯಲ್ಲೇ ಬಿದ್ದು ಒಡೆದಿತ್ತು. ಎದುರಿಗೆ ನಿಂತವರ ಎಡ ಅವರಿಗೆ ಬಲ, ಬಲ ಎಡ. ಅದೂ ಅಲ್ಲದೆ ನಿನ್ನಮ್ಮ ಚಿಕ್ಕವಳಿದ್ದಾಗ ಎಡಚಿಯೇ. ಮೇಷ್ಟ್ರು ಬೆತ್ತದಿಂದ ಬಿಡಿಸಿದರು. ಕಲೆ ಎಂದರೆ ಮಸಿ ಇರಬೇಕು. ಬೂಟು ತೊಯ್ದದ್ದು ನನ್ನದು, ಅವರು ನೋಡಿದ್ದು ನನ್ನ ಕಾಲು.

ದಿನಚರಿಯಲ್ಲಿ ಪಟ್ಟದರಾಣಿಯ ವಿಷಯ ಏನೂ ಇಲ್ಲವೇ? ಅವರು ಅವಳ ಮೇಲಿಂದ ಎರಡು ಸಲ ಬಿದ್ದಿದ್ದರು. ಹಾಕಿರುವುದಿಲ್ಲ ಬಿಡು.

ಒಂದು ಮಾತು. ಆ ಪುಟವನ್ನು ನಿನ್ನಮ್ಮನಿಗೆ ತೋರಿಸಿಲ್ಲ ತಾನೇ? ತೋರಿಸಬೇಡ. ವಯಸ್ಸಾದವಳು, ಹಳೆಯದನ್ನೆಲ್ಲ ನೆನೆದು ಸಂಕಟಪಡುತ್ತಾಳೆ. ನನ್ನ ಫೋಟೋ ಕಳಿಸುತ್ತಿದ್ದೇನೆ. ಟೋಪಿ ಇಲ್ಲದ್ದನ್ನು ಹಾಕಬೇಡ.

ನಿನ್ನ ಮಾವ


೯ ಮಾರ್ಚ್

ಮಾವ,

ತೋರಿಸಿದೆ. ನೀವು ಬೇಡ ಎಂದು ಬರೆಯದೆ ಇದ್ದಿದ್ದರೆ ಬಹುಶಃ ತೋರಿಸುತ್ತಿರಲಿಲ್ಲ.

ಅಮ್ಮ ಎರಡು ಸಲ ಓದಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತಳು. ಆಮೇಲೆ, "ಅವತ್ತು ನನಗೆ ಗದ್ದಬಾವು" ಎಂದಳು.

"ಮುಖ ಕುಂಬಳಕಾಯಿ ಆಗಿತ್ತು. ಮನೇಲಿ ಮಲಗಿದ್ದೆ. ಶಾಲೆಗೇ ಹೋಗಿರ್ಲಿಲ್ಲ ಕಣೆ. ತಲೆ ಒಂದು ಕಡಿಮೆ ಬೀಳುತ್ತೆ ಅಂತ ನಿನ್ನ ಮಾವ ಆಚೆ ಊರಿಂದ ಇನ್ನೊಂದು ಹುಡುಗೀನ ಹೆಚ್ಚಿಗೆ ಕರ್ಕೊಂಡು ಬಂದಿದ್ದ. ಅವಳಿಗೆ ನನ್ನ ಹೆಸರು ಕೊಟ್ರು. ಉತ್ತರ ಹೇಳಿದ್ದು ಅವಳು. ಪತ್ರ ಬಂದಿದ್ದು ನನ್ನ ಹೆಸರಿಗೆ."

ಅವಳೇ ಮುಂದುವರಿಸಿದಳು. "ನಾನು ಹೋಗಲ್ಲ ಅಂತ ಅತ್ತೆ. ಆಗ ನಿನ್ನ ಮಾವ ಆ ಊರಿಗೆ ಹೋಗಿ ಕೇಳ್ಕೊಂಡು ಬಂದ. ಹೆಣ್ಣುಮಗೂನ ಅಷ್ಟು ದೂರ ಕಳಿಸೋದಿಲ್ಲ ಅಂತ ಅವರ ಮನೆಯವರು ಅಂದ್ರಂತೆ. ಹಾಗಂದ ಮೇಲೇ ನಾನು ಹೊರಟಿದ್ದು. ಅದೊಂದು ಮಾತು ಇಲ್ಲದೇ ಇದ್ದಿದ್ರೆ ಐವತ್ತೇಳು ವರ್ಷ ನಾನು ಕನ್ನಡಿ ನೋಡ್ಕೊಳ್ಳೋಕೆ ಆಗ್ತಿರ್ಲಿಲ್ಲ."

ಅಂದರೆ ಅಮ್ಮನ ಓದು, ಅಮ್ಮನ ಕೆಲಸ, ಆ ಕೆಲಸದಿಂದ ಬಂದ ನನ್ನ ಓದು, ನಾನೀಗ ಕೂತಿರುವ ಈ ಕುರ್ಚಿ, ಎಲ್ಲವೂ ಕೈಬದಲಿನದು. ಇವತ್ತು ಕಚೇರಿಯಲ್ಲಿ ಆ ಕುರ್ಚಿಯ ಮೇಲೆ ಕೂತುಕೊಳ್ಳಲು ಒಂದು ಥರ ಆಯಿತು.

ಅಮ್ಮ ನಿಜವನ್ನೇ ಬರೆ ಎಂದಿದ್ದಾಳೆ. ಹೀಗೆ ಬರೆದಿದ್ದೇನೆ: "ಉತ್ತರ ಹೇಳಿದವಳು ಗಡಿಯಾಚೆಯ ಒಬ್ಬ ಬಾಲಕಿ. ಆಕೆಯ ಮನೆಯವರು ಹೆಣ್ಣುಮಗುವನ್ನು ಓದಲು ಕಳಿಸಲು ಒಪ್ಪದೆ ಹೋದದ್ದರಿಂದ ಆ ಸ್ಥಾನ ಇನ್ನೊಬ್ಬಳಿಗೆ ದೊರೆಯಿತು."

ನೀವು ಖುದ್ದು ಹೋಗಿ ಕೇಳಿದವರು. ಬೇಡ ಎಂದದ್ದು ತಂದೆಯೋ ತಾಯಿಯೋ, ಏನೆಂದರು, ಒಂದೇ ಒಂದು ಸಾಲು ಬರೆದು ಕಳಿಸಿ.

ಚೂಟಿ


೨ ಏಪ್ರಿಲ್

ಮಾವ,

ಇಪ್ಪತ್ತನಾಲ್ಕು ದಿನ ಆಯಿತು, ಉತ್ತರವಿಲ್ಲ. ನಿಮ್ಮೂರಿನ ಬಸ್ಸಿನ ಡ್ರೈವರ್ ಹೇಳಿದ: ನೀವು ಆರೋಗ್ಯವಾಗಿದ್ದೀರಂತೆ, ದಿನಾ ಚಹಾದಂಗಡಿಗೆ ಬರುತ್ತೀರಂತೆ, ಆದರೆ ಮಾತಾಡುವುದಿಲ್ಲವಂತೆ. "ಅಜ್ಜ ಸುಮ್ನೆ ಕೂತಿರ್ತಾರೆ ಮೇಡಂ, ನಮಗೇ ಹೆದರಿಕೆ ಆಗುತ್ತೆ" ಎಂದ.

ಅಚ್ಚಿನ ಕರಡನ್ನು ಇದರ ಜೊತೆ ಇಟ್ಟಿದ್ದೇನೆ. ಆ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಸರಿ ಇದ್ದರೆ ಪಕ್ಕದಲ್ಲಿ ಸರಿ ಎಂದು ಬರೆದು ಕಳಿಸಿ, ಸಾಕು.

ಚೂಟಿ


೬ ಏಪ್ರಿಲ್

ಚೂಟಿ,

ಆ ಸಾಲು ಅಚ್ಚು ಹಾಕಿಸಬೇಡ. ಕಾರಣ ಕೇಳಬೇಡ. ಮಿಕ್ಕದ್ದೆಲ್ಲ ಇರಲಿ. ಬೇಕಾದರೆ ಕರಿಹಲಗೆಯದ್ದೂ ತೆಗೆದುಬಿಡು.

ಮಾವ


೧೦ ಏಪ್ರಿಲ್

ಮಾವ,

ಕಾರಣವಿಲ್ಲದೆ ಒಂದು ಸಾಲು ತೆಗೆಯುವುದಕ್ಕೆ ಇದು ನಿಮ್ಮ ಚಹಾದಂಗಡಿಯ ಕಥೆಯಲ್ಲ. ಆ ಸಾಲು ತೆಗೆದರೆ ಅಮ್ಮ ಕಳ್ಳಿಯಾಗುತ್ತಾಳೆ. ಇಟ್ಟರೆ ನೀವು ಬೇಡ ಅನ್ನುತ್ತೀರಿ. ಹಾಗಾದರೆ ಆಚೆ ಊರಿನಲ್ಲಿ ಅವತ್ತು ಏನಾಯಿತು?

ಇಪ್ಪತ್ತೈದನೇ ತಾರೀಖಿಗೆ ಮುದ್ರಕರು ಪುಟ ಕಟ್ಟುತ್ತಾರೆ. ಅಷ್ಟರಲ್ಲಿ ನಿಮ್ಮ ಪತ್ರ ಬಾರದಿದ್ದರೆ ಆ ಸಾಲು ಇದ್ದ ಹಾಗೇ ಇರುತ್ತದೆ.


೧೭ ಏಪ್ರಿಲ್

ಚೂಟಿ,

ನಿನ್ನ ಬಾಯಲ್ಲಿ ನೀನು ಹೋಗಿ ನೀವು ಆಗಿದ್ದೇನೆ. ಕೊನೆಯ ಪತ್ರದಲ್ಲಿ ನಿನ್ನ ಹೆಸರೂ ಇಲ್ಲ. ಇದೂ ಆಗಬೇಕಾದದ್ದೇ.

ಆಚೆ ಊರಿನಲ್ಲಿ ಅವತ್ತು ಏನೂ ಆಗಲಿಲ್ಲ. ನಾನು ಹೋಗಲೇ ಇಲ್ಲ. ಯಾರನ್ನೂ ಕೇಳಲಿಲ್ಲ. ಯಾರೂ ಬೇಡ ಎನ್ನಲಿಲ್ಲ.

ಆ ಹುಡುಗಿಗೆ ಇನ್ಸ್‌ಪೆಕ್ಟರ್ ಸಾಹೇಬರು ಹೊರಡುವಾಗ ತಲೆ ಸವರಿ, "ಪತ್ರ ಬರುತ್ತೆ ಮಗು, ಬಟ್ಟೆ ಸಿದ್ಧ ಮಾಡ್ಕೋ" ಎಂದಿದ್ದರು. ನಾನೇ ಕೇಳಿದ್ದೆ. ಪತ್ರ ಬಂದದ್ದು ಮೇ ತಿಂಗಳಲ್ಲಿ. ಬೆಟ್ಟದ ಬುಡದ ಅಂಚೆಯಲ್ಲಿ ನನ್ನ ಕೈಗೆ ಕೊಟ್ಟರು. ಲಕೋಟೆಯ ಮೇಲೆ ಸರ್ಕಾರಿ ಮುದ್ರೆ, ನನ್ನ ತಂಗಿಯ ಹೆಸರು. ಅದು ಯಾರಿಗೆ ಸೇರಿದ ಪತ್ರ ಎಂದು ಆ ಕ್ಷಣಕ್ಕೇ ನನಗೆ ಗೊತ್ತಿತ್ತು. ಆದರೆ ಅಂಚೆಯ ಪಕ್ಕದಲ್ಲೇ ಚಹಾದಂಗಡಿ. ಅಲ್ಲಿ ಕೂತಿದ್ದವರು, "ಏನೋ ಟಪಾಲು, ಮುದ್ರೆ ಗಿದ್ರೆ ಜೋರಾಗಿದೆ?" ಎಂದರು. ನನ್ನ ಈ ಬಾಯಿ ಇದೆಯಲ್ಲ, ಅದು ನನ್ನನ್ನು ಕೇಳಲಿಲ್ಲ. "ನನ್ನ ತಂಗಿಗೆ ಸರ್ಕಾರದ ವಿದ್ಯಾರ್ಥಿವೇತನ ಕಣ್ರೋ! ಇಡೀ ಬೆಟ್ಟಕ್ಕೆ ಒಬ್ಬಳೇ!" ಎಂದೆ. ಎಲ್ಲರೂ ಎದ್ದು ನಿಂತರು. ಅಂಗಡಿಯವನು ನನಗೆ ಚಹಾ ಕೊಟ್ಟ. ಯಾರೋ ನನ್ನ ಭುಜ ತಟ್ಟಿದರು. ಚೂಟಿ, ಅದಕ್ಕೆ ಮೊದಲು ನನ್ನ ಭುಜ ಯಾರೂ ತಟ್ಟಿರಲಿಲ್ಲ. ಕತ್ತೆ ಹೊಡೆಯುವವನ ಭುಜ ಯಾರು ತಟ್ಟುತ್ತಾರೆ?

ಮೇಲೆ ಹತ್ತುವಾಗ ದಾರಿ ಎರಡಾಗುವ ಕಡೆ ಅವಳು ಬಂಡೆಯ ಮೇಲೆ ಕೂತಿದ್ದಳು. ಟಪಾಲು ಬರುವ ದಿನ ಎಂದು ಲೆಕ್ಕ ಹಾಕಿ ದಿಣ್ಣೆ ದಾಟಿ ಬಂದಿದ್ದಳು. ಹನ್ನೆರಡು ವರ್ಷದ ಹುಡುಗಿ, ಒಬ್ಬಳೇ. ಪಟ್ಟದರಾಣಿಯ ಕುತ್ತಿಗೆ ಸವರುತ್ತಾ, "ಅಣ್ಣಾ, ಪತ್ರ ಬಂತಾ?" ಎಂದಳು.

ಚೀಲ ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು.

"ಇಲ್ಲಮ್ಮ" ಎಂದೆ. "ಸಾಹೇಬರು ಎಲ್ಲ ಊರಲ್ಲೂ ಎಲ್ಲ ಮಕ್ಕಳಿಗೂ ಹಾಗೇ ಹೇಳ್ತಾರೆ. ಬರಲ್ಲ ಅದು" ಎಂದೆ. ಅವಳು ಅಳಲಿಲ್ಲ. "ಹೌದಾ" ಎಂದಳು. ನಮ್ಮ ಶಾಲೆಗೆಂದು ತಂದ ಬಳಪದ ಡಬ್ಬಿಯಿಂದ ಒಂದು ಹಿಡಿ ತೆಗೆದುಕೊಟ್ಟೆ. ಎಡಗೈ ಚಾಚಿ ತೆಗೆದುಕೊಂಡಳು. ಆ ಕಲೆ ಮಸಿಯಲ್ಲ. ನಿನಗೆ ಸುಳ್ಳು ಬರೆದಿದ್ದೆ.

ಮನೆಯಲ್ಲಿ ನಿನ್ನಮ್ಮ ಹೋಗುವುದಿಲ್ಲ ಎಂದು ಹಟ ಹಿಡಿದಳು. ನಾನು ಒಂದು ದಿನ ಬೆಳಿಗ್ಗೆ ಹೊರಟು, ದಿಣ್ಣೆಯ ಈಚೆಯ ಕುರಿಹಟ್ಟಿಯಲ್ಲಿ ಸಂಜೆಯವರೆಗೆ ಮಲಗಿದ್ದು ಬಂದು, "ಅವರು ಕಳಿಸಲ್ಲವಂತೆ" ಎಂದೆ. ನಿಜ ಹೇಳಿದರೆ ಕೈಬದಲು ಬಯಲಾಗಿ ಶಾಲೆ ಮುಚ್ಚುತ್ತಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಚಹಾದಂಗಡಿಗೆ ಹೋಗಿ "ಅದು ನನ್ನ ತಂಗಿಗೆ ಬಂದದ್ದಲ್ಲ" ಎಂದು ಹೇಳಲು ನನ್ನ ಕೈಲಿ ಆಗಲಿಲ್ಲ. ಅಷ್ಟೇ ಕಾರಣ. ಆ ವರ್ಷವೇ ಹಿಮ ಬೀಳುವ ಮೊದಲು ದಿಣ್ಣೆಯ ಮೇಲೆ ತಂತಿಬೇಲಿ ಬಂತು. ಕೈಬದಲು ನಿಂತಿತು. ಹದಿನಾರೇ ತಲೆಯ ನಮ್ಮ ಶಾಲೆ ಎರಡು ವರ್ಷಕ್ಕೆ ಮುಚ್ಚಿತು. ನಾನು ಉಳಿಸಿದ್ದು ಇಷ್ಟು.

ಇನ್ನೊಂದಿದೆ. ಆರು ವರ್ಷದ ಹಿಂದೆ ಬೇಲಿಯಲ್ಲಿ ಗೇಟು ಮಾಡಿ ಗುರುವಾರಕ್ಕೊಮ್ಮೆ ಸಂತೆ ಬಿಟ್ಟರಲ್ಲ, ಮೊದಲ ಗುರುವಾರವೇ ಹೋಗಿದ್ದೆ. ಉಣ್ಣೆ ಮಾರುವ ಒಬ್ಬಾಕೆ ತಕ್ಕಡಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ತೋಳು ಜಾರಿ ಮಣಿಕಟ್ಟು ಕಂಡಿತು. ನಾನು ಅಲ್ಲಿಂದಲೇ ತಿರುಗಿ ಬಂದೆ. ಆಮೇಲೆ ಹೋಗಿಲ್ಲ. ಮಂಡಿನೋವು ಎಂದು ಎಲ್ಲರಿಗೂ ಹೇಳಿದ್ದೇನೆ. ನನ್ನ ಮಂಡಿಗೆ ಏನೂ ಆಗಿಲ್ಲ.

ಇದನ್ನು ನಿನ್ನಮ್ಮನಿಗೆ ಓದಿ ಹೇಳು. ನಾನೇ ಬಂದು ಹೇಳಬೇಕು, ಆದರೆ ಮುಖ ಎಲ್ಲಿಟ್ಟುಕೊಂಡು ಬರಲಿ?

ಮಾವ


೨೨ ಏಪ್ರಿಲ್

ಮಾವ,

ನಾನು ಓದಿ ಹೇಳಲಿಲ್ಲ. ಅಮ್ಮ ಕೈಯಿಂದ ಕಿತ್ತುಕೊಂಡು ತಾನೇ ಓದಿದಳು. ಓದಿ ಒಳಗೆ ಹೋದಳು. ಆ ದಿನ ಊಟಕ್ಕೆ ಏಳಲಿಲ್ಲ. ಮರುದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ಹಾಸ್ಟೆಲಿನವರಿಗೆ ಫೋನು ಮಾಡಿ ತನ್ನ ಹೆಸರು ಇಡಬಾರದೆಂದು ಹೇಳಿ ಮುಗಿಸಿದ್ದಳು. ಕಾರಣ ಕೇಳಿದ್ದಕ್ಕೆ, "ಆ ಹೆಸರಲ್ಲಿ ಪಾಸಾದವಳು ನಾನಲ್ಲ" ಎಂದಳಂತೆ. ಅವರಿಗೆ ಅರ್ಥವಾಗಲಿಲ್ಲ.

ನಿಮ್ಮ ಬಗ್ಗೆ ಒಂದು ಮಾತೂ ಆಡಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸಂಜೆ ಟ್ರಂಕು ತೆಗೆದು ತಳದಿಂದ ಒಂದು ಲಕೋಟೆ ತಂದು ನನ್ನ ಮುಂದಿಟ್ಟಳು. ಸರ್ಕಾರಿ ಮುದ್ರೆ ಮಾಸಿದೆ, ಮಡಿಕೆಯಲ್ಲಿ ಹರಿದಿದೆ. ಅದೇ ಪತ್ರ. ಅವಳು ಅದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಟಪಾಲು ಹಂಚೋದು ಅವನ ಕೆಲಸ. ಇದೊಂದು ಹಂಚದೆ ಉಳಿದಿದೆ. ತಲುಪಿಸೋಕೆ ಹೇಳು."

ಲಕೋಟೆ ಇದರ ಜೊತೆಗಿದೆ. ಆ ಸಾಲನ್ನು ತೆಗೆದಿದ್ದೇನೆ. ಮುದ್ರಕರು ಒಂದು ಪುಟ ಖಾಲಿ ಬಿಟ್ಟು ಮೇ ಏಳರವರೆಗೆ ಕಾಯುತ್ತೇನೆ ಎಂದಿದ್ದಾರೆ.

ಚೂಟಿ


೩ ಮೇ

ಚೂಟಿ,

ನಿನ್ನೆ ಗುರುವಾರ. ಹೋಗಿದ್ದೆ.

ಜೀಪಿನವನು ಗೇಟಿನ ಹತ್ತಿರ ಇಳಿಸಿದ. ಪೊಲೀಸಿನವನು ಚೀಟಿ ನೋಡಿ, "ಏನಜ್ಜ ತಂದಿದ್ದೀರಿ ಮಾರೋಕೆ?" ಎಂದ. "ಟಪಾಲು" ಎಂದೆ. ನಕ್ಕು ಬಿಟ್ಟ.

ಅವಳು ಅದೇ ಜಾಗದಲ್ಲಿದ್ದಳು. ಒಂದು ಹಳೆಯ ಮರದ ಪೆಟ್ಟಿಗೆ, ಅದರ ತುಂಬ ಉಣ್ಣೆಯ ಉಂಡೆ. ನಾನು ಎದುರಿಗೆ ನಿಂತೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತೇ ಹೋಯಿತು. ನನಗೆ, ಚೂಟಿ! ಅವಳೇ ತಲೆಯೆತ್ತಿ ನೋಡಿ, "ಕತ್ತೆ ಎಲ್ಲಿ?" ಎಂದಳು.

"ಸತ್ತು ಬಹಳ ವರ್ಷ ಆಯ್ತು" ಎಂದೆ.

"ಒಳ್ಳೇ ಕತ್ತೆ" ಎಂದಳು. ನಾನು ಲಕೋಟೆ ಕೊಟ್ಟೆ.

ಅವಳು ಕೈ ಒರೆಸಿಕೊಂಡು ಬಿಚ್ಚಿದಳು. ಕಾಗದವನ್ನು ದೂರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಜೂನ್ ಒಂದನೇ ತಾರೀಖು ಹಾಜರಾಗಬೇಕು. ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಬೀಗವಿರುವ ಪೆಟ್ಟಿಗೆ ತರಬೇಕು." ಅಲ್ಲಿಗೆ ನಿಲ್ಲಿಸಿ ಪಕ್ಕದ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಸಾಹೇಬರು ಹೇಳಿದ್ರು ಅಂತ ಅಪ್ಪ ಇದನ್ನ ಮಾಡಿಟ್ಟಿದ್ದ. ಬೀಗ ಇರ್ಲಿಲ್ಲ, ಅದಕ್ಕೆ ಒಂದು ಕುರಿ ಮಾರಿದ. ನೀನು ಪತ್ರ ಬರಲ್ಲ ಅಂದೆ ಅಂತ ನಾನು ಬಂದು ಹೇಳಿದ್ರೂ ನಂಬಲಿಲ್ಲ. ದಿಣ್ಣೆ ಮೇಲೆ ತಂತಿ ಬರೋವರೆಗೂ ಟಪಾಲಿನ ದಿನ ಬಾಗಿಲಲ್ಲಿ ನಿಂತು ದಾರಿ ನೋಡ್ತಿದ್ದ."

ಚೂಟಿ, ನೀನು ಅಚ್ಚು ಹಾಕಿಸಬೇಕೆಂದಿದ್ದ ಸಾಲು ಈ ಮನುಷ್ಯನ ಮೇಲಿತ್ತು. ಅವತ್ತು ಪತ್ರ ಚೀಲದಲ್ಲೇ ಇತ್ತು ಎಂದು ಹೇಳಿದೆ. "ಗೊತ್ತಾಯ್ತು ಬಿಡು ಈಗ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಸಾಹೇಬರ ದಿನಚರಿಯ ಮಾತು ಹೇಳಿದೆ, ಅವರು ಅದನ್ನು ಎಷ್ಟು ಚುರುಕಾದ ತಮಾಷೆ ಎಂದು ಬರೆದಿದ್ದರು ಎಂದೆ. ಅವಳು ತಲೆ ಅಲ್ಲಾಡಿಸಿದಳು. "ತಮಾಷೆ ಅಲ್ಲ. ಗಡಿ ಅಂದ್ರೆ ಗೆರೆ ಅಂತ ಪುಸ್ತಕದಲ್ಲಿತ್ತು. ಎಲ್ಲಿ ತುಳಿದುಬಿಡ್ತೀನೋ ಅಂತ ದಾರಿ ಪೂರ್ತಿ ಹೆದರಿಕೊಂಡು ನೋಡ್ತಾ ಬಂದಿದ್ದೆ. ನಿಜವಾಗ್ಲೂ ಕಾಣಿಸ್ಲಿಲ್ಲ."

ಆಮೇಲೆ, "ನಿನ್ನ ತಂಗಿ ಚೆನ್ನಾಗಿ ಓದಿದಳಾ?" ಎಂದಳು. "ಹೆಡ್‌ಮಿಸ್ ಆದಳು" ಎಂದೆ. "ಎಷ್ಟು ಮಕ್ಕಳು ಕಲಿತಿರಬಹುದು ಅವಳ ಕೈಲಿ?" ಎಂದಳು. ಸಾವಿರ ಎನ್ನಲು ಬಾಯಿ ತೆರೆದೆ, ಅಭ್ಯಾಸ. ಮುಚ್ಚಿಕೊಂಡು, "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎಂದೆ. ಕೇಳಿ ತಿಳಿಸು. ಮುಂದಿನ ಗುರುವಾರ ಹೇಳಬೇಕು. ಬಾ ಎಂದು ಅವಳು ಕರೆದಿಲ್ಲ. ಬರಬೇಡ ಎಂದೂ ಅಂದಿಲ್ಲ.

ಪುಸ್ತಕದಲ್ಲಿ ಬರೆಯಬಹುದೇ ಎಂದು ಕೇಳಿದೆ. "ಬರೀಲಿ. ಅಪ್ಪ ಪೆಟ್ಟಿಗೆ ಮಾಡಿದ್ದು ಮರೀದೆ ಬರೀಲಿ" ಎಂದಳು. ಹಾಗೆಯೇ ಬರೆ. ನಾನು ಮಾಡಿದ್ದನ್ನೂ ಬರೆ. ಫೋಟೋ ಹಾಕುವುದಾದರೆ ಟೋಪಿ ಇಲ್ಲದ್ದನ್ನೇ ಹಾಕು, ಮುಖ ಸರಿಯಾಗಿ ಕಾಣಲಿ. ಚಹಾದಂಗಡಿಯಲ್ಲಿ ನಾನೇ ಹೇಳುತ್ತೇನೆ. ಇವತ್ತು ಹೋಗಿ ಬಾಗಿಲಿನವರೆಗೆ ಬಂದು ತಿರುಗಿದೆ. ನಾಳೆ ಹೇಳುತ್ತೇನೆ.

ಕೊನೆಗೆ ಒಂದು ವಿಷಯ. ಮುದ್ರೆಯ ಪತ್ರ ಕೊಟ್ಟರೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಾಲದ ಪದ್ಧತಿ. ನನ್ನ ಹಳೆಯ ಬಟವಾಡೆ ಪುಸ್ತಕ ಒಯ್ದಿದ್ದೆ. ಅವಳ ಮುಂದೆ ಬಿಚ್ಚಿದಾಗ ಗೊತ್ತಾಯಿತು, ಅಲ್ಲಿ ಬರೆಯಲು ಅವಳ ಹೆಸರೇ ನನಗೆ ಗೊತ್ತಿಲ್ಲ. ಅವತ್ತು ಬೆಳಗಿನ ಜಾವ ಅವರ ಮನೆಯಿಂದ ಕರೆದುಕೊಂಡು ಬಂದೆ, ದಾರಿಯುದ್ದಕ್ಕೂ ನನ್ನ ತಂಗಿಯ ಹೆಸರನ್ನೇ ಬಾಯಿಪಾಠ ಮಾಡಿಸಿದೆ, "ನಿನ್ನ ಹೆಸರೇನಮ್ಮ" ಎಂದು ಒಂದು ಸಲವೂ ಕೇಳಲಿಲ್ಲ. ಪೆನ್ನು ಅವಳ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಂತೆ.

ಎಡಗೈಯಲ್ಲಿ ಬರೆದಿದ್ದಾಳೆ. ಆ ಹಾಳೆಯನ್ನು ಹರಿದು ಇದರ ಜೊತೆ ಇಟ್ಟಿದ್ದೇನೆ. ನೀನು ಓದಬೇಡ. ಮೊದಲು ನಿನ್ನಮ್ಮನ ಕೈಗೆ ಕೊಡು.

ಮಾವ